ಬಾಗಿಲ ಹೊರಗಿನ ಚಪ್ಪಲಿ

ಕೊಕಟನೂರ,
೧೧ ಜನವರಿ ೨೦೨೪

ಮಗಳು ಭಾಗ್ಯಾಗೆ ಅಪ್ಪನ ಜೈಭೀಮ.

ನಿನ್ನ ಕಾಗದ ಮುಟ್ಟಿತು. ಕೊಡುವಾಗ ಟಪಾಲಿನ ಅಮಿತ ನಕ್ಕ. ಎಲೆಕ್ಷನ್ನಿನ ಚೀಟಿ ಬಿಟ್ಟರೆ ನಮ್ಮ ಓಣಿಗೆ ಬರುವ ಕಾಗದ ನಿನ್ನದೊಂದೇ ಅಂತೆ. ನಗಲಿ. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಕೇಳುವುದು ಬರೀ ಗುಂಯ್ ಗುಂಯ್. ಇಪ್ಪತ್ತೆರಡು ವರ್ಷ ಬ್ಲೋವರಿನ ಪಕ್ಕ ನಿಂತ ಕಿವಿಗಳು ಇವು. ನಿನ್ನ ಅವ್ವ ಎದುರಿಗೆ ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಬೆನ್ನ ಹಿಂದೆ ನಿಂತು ಬೈದರೆ ನಾನು ಸುಖಿ. ಘಟಕದಲ್ಲಿ ಈ ಸಂಗತಿ ನಿನ್ನ ಅವ್ವನನ್ನು ಬಿಟ್ಟರೆ ಅವಳ ಜೊತೆ ಕಾಳು ಆರಿಸುವ ಕೆಂಪವ್ವ ಒಬ್ಬಳಿಗೇ ಗೊತ್ತು. ನೀನೂ ಎಲ್ಲಿಯೂ ಬಾಯಿ ಬಿಡಬೇಡ. ಕಿವುಡನನ್ನು ಬೆಂಕಿಯ ಕೆಲಸಕ್ಕೆ ಯಾರೂ ಇಟ್ಟುಕೊಳ್ಳುವುದಿಲ್ಲ.

ಈಗ ದೊಡ್ಡ ಸುದ್ದಿ. ಧರೆಪ್ಪ ಸಾವಕಾರರ ಮಗ ರೋಹನ ನನ್ನನ್ನು ಆಫೀಸಿಗೆ ಕರೆದು ಕುರ್ಚಿ ಕೊಟ್ಟ. ಆ ಘಟಕದಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು, ಕೈಕಾಲು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ದ್ರಾಕ್ಷಿಯನ್ನು ಹಸಿಯಾಗಿ ಮಾರುವುದೆಂದರೆ ದಲಾಲನ ಕೈಗೆ ಜುಟ್ಟು ಕೊಟ್ಟ ಹಾಗೆ, ಒಣಗಿಸಿ ಬೇದಾಣಿ ಮಾಡಿ ಡಬ್ಬಿಗೆ ತುಂಬಿದವನಿಗೇ ಮುಂದಿನ ಕಾಲ ಎಂದು ಬಹಳ ಹೊತ್ತು ಹೇಳಿದ. ಇಷ್ಟು ದಿನ ನಮ್ಮ ಬೇದಾಣಿ ಹೆಸರಿಲ್ಲದ ಚೀಲದಲ್ಲಿ ತಾಸಗಾವದ ಪೇಟೆಗೆ ಹೋಗುತ್ತಿತ್ತು. ಇನ್ನು ಹೆಸರು ಹೊತ್ತ ಡಬ್ಬಿಯಲ್ಲಿ ದುಬೈಗೆ ಹೋಗುತ್ತದಂತೆ. ಅದಕ್ಕೆ ಪರದೇಶದವರು ಒಪ್ಪುವ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ನಿಯಮದ ಹಾಳೆಗಳು ಬೇಕು. ಆಮೇಲೆ ಕೇಳಿದ, "ನಿಮ್ಮ ಭಾಗ್ಯಾ ನಾಶಿಕದಾಗ ಇದ ಕೆಲಸ ಮಾಡಾಕತ್ತಾಳಂತಲ್ಲ. ನಮ್ಮೂರ ಹುಡಗಿ ಇರಾಕ ಹೊರಗಿನವ್ರ ಯಾಕ?"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಹೆಗ್ಗಣ ಸಾವಕಾರರ ಮನೆಗೂ ಮುದ್ದಾದದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ಒಪ್ಪಿಕೊ.

ನೀನು ಚಿಕ್ಕವಳಿದ್ದಾಗ ನೋಡಿದ ಧುರಿ ಖೋಲಿ ಈಗಲೂ ಹಾಗೇ ಇದೆ. ಬೇದಾಣಿಯ ತಟ್ಟೆಗಳನ್ನು ಹಿಂದೆ ನಿಂತವರು ಕಾಣದಷ್ಟು ಎತ್ತರಕ್ಕೆ ಸಾಲಾಗಿ ಜೋಡಿಸಿ, ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿ, ಗಂಧಕದ ಹೊಗೆ ಬಿಡುತ್ತೇನೆ. ಕಾಳು ಬಂಗಾರದ ಬಣ್ಣಕ್ಕೆ ಬರುತ್ತದೆ. ಆ ಹೊಗೆಯಲ್ಲಿ ಮನುಷ್ಯ ಉಳಿಯುವುದಿಲ್ಲ. ಅದಕ್ಕೇ ನನ್ನ ಚಪ್ಪಲಿ ಎಣಿಕೆ. ತಿನ್ನುವ ಪದಾರ್ಥದ ಖೋಲಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಹೊಸ್ತಿಲ ಹೊರಗೇ ಬಿಡುತ್ತಾರೆ. ಹೊರಗೆ ಒಂದು ಜೊತೆ ಕಂಡರೂ ನಾನು ಗಂಧಕಕ್ಕೆ ಕಡ್ಡಿ ಕೊರೆಯುವುದಿಲ್ಲ. ಹೋದ ವರ್ಷ ನಮ್ಮ ಘಟಕದ ಆಳು ಸಮಾಧಾನ ಕುಡಿದು ಬರಿಗಾಲಲ್ಲಿ ಮನೆಗೆ ಹೋಗಿದ್ದ. ಅವನ ಚಪ್ಪಲಿಗೆ ಕಾವಲು ಕೂತು ಒಂದು ತಾಸು ಕಳೆದೆ. ಕೆಂಪವ್ವನದು ಮಾತ್ರ ದೂರದಿಂದಲೇ ಗುರುತು ಸಿಗುತ್ತದೆ. ಎರಡು ಹರಿದ ಜೊತೆ ಸೇರಿಸಿ ಒಂದು ಜೊತೆ ಮಾಡಿಕೊಂಡಿದ್ದಾಳೆ, ಒಂದಕ್ಕೆ ನೀಲಿ ಪಟ್ಟಿ, ಇನ್ನೊಂದಕ್ಕೆ ಕಂದು.

ಅವ್ವ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ. ಯಾರಾದರೂ ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ.

ನಿನ್ನ ಅಪ್ಪ,
ಸತ್ತೆಪ್ಪ

*

ನಾಶಿಕ,
೪ ಫೆಬ್ರುವರಿ ೨೦೨೪

ಅಪ್ಪಾ, ಜೈಭೀಮ.

ಹಾಳೆಗಳು ಮುಗಿದವು, ನಿನ್ನೆ ರೋಹನನಿಗೆ ಕಳಿಸಿದೆ. ಪ್ರತಿ ಹಾಳೆಯ ಕೆಳಗೆ ನನ್ನ ಹೆಸರಿದೆ. ಅದನ್ನು ಊರಿಗೆಲ್ಲ ತೋರಿಸುತ್ತ ತಿರುಗಬೇಡ.

ಹೋದ ವಾರ ಪುಣೆಯಲ್ಲಿ ಒಂದು ಸಭೆಯಿತ್ತು. ಹಣ್ಣು, ಹಾಲು, ಕಾಳುಗಳನ್ನು ಸಂಸ್ಕರಿಸಿ ಮಾರುವ ಉದ್ಯಮ ಇನ್ನು ಹತ್ತು ವರ್ಷಕ್ಕೆ ಎಲ್ಲಿಗೆ ಮುಟ್ಟುತ್ತದೆ ಎಂದು ಒಬ್ಬರು ದೊಡ್ಡ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. ಪರದೆ ಮುಗಿಯಿತು, ಗೆರೆ ಮುಗಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನಗೆ ಸಂತೋಷವೇ ಆಯಿತು ಅಪ್ಪಾ. ಕಬ್ಬು ಕಡಿದು ಬೆನ್ನು ಬಾಗಿದ ನಮ್ಮ ಓಣಿಯ ಹೆಂಗಸರಿಗೆ ನೆರಳಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕರೆ ಈ ಗೆರೆಯಿಂದಲೇ ಸಿಗಬೇಕು. ಅವ್ವನಿಗೆ ಸಿಕ್ಕದ್ದೂ ಅದರಿಂದಲೇ ಅಲ್ಲವೇ?

ನಾಲ್ಕು ಘಟಕಗಳಿಗೆ ಬರೆದ ನಿಯಮಗಳನ್ನೇ ನಮ್ಮದಕ್ಕೂ ಹೊಂದಿಸಿದ್ದೇನೆ. ನಾಲ್ಕನೆಯ ನಿಯಮ ನಿನಗೆ ಹಿಡಿಸುವುದಿಲ್ಲ, ಮೊದಲೇ ಹೇಳುತ್ತೇನೆ. ಹೊರಗಿನ ಚಪ್ಪಲಿ ಇನ್ನು ಧುರಿ ಖೋಲಿಯ ಹತ್ತಿರವೂ ಸುಳಿಯಬಾರದು. ಗೇಟಿನ ಬಳಿ ನಂಬರು ಬರೆದ ಕಪಾಟು ಇರಬೇಕು, ಎಲ್ಲರೂ ಅಲ್ಲೇ ಬಿಟ್ಟು ಘಟಕದ ಬಿಳಿ ಚಪ್ಪಲಿ ಮೆಟ್ಟಿ ಒಳಗೆ ಓಡಾಡಬೇಕು. ತಪಾಸಣೆಗೆ ಬರುವವರು ಬಾಗಿಲ ಮುಂದೆ ಹರಿದ ಚಪ್ಪಲಿಯ ರಾಶಿ ಕಂಡರೆ ಅಲ್ಲಿಂದಲೇ ಗಾಡಿ ತಿರುಗಿಸುತ್ತಾರೆ. ಒಂಬತ್ತನೆಯದು ಹೀಗಿದೆ: ಹೊಗೆ ಹಾಕುವ ಮುಂಚೆ ಒಳಗೆ ಯಾರಾದರೂ ಇದ್ದಾರೆಯೇ ಎಂದು ಮೂರು ಸಲ ಗಟ್ಟಿಯಾಗಿ ಕೂಗಿ, ಉತ್ತರ ಬಾರದಿದ್ದರೆ ಮಾತ್ರ ಬೆಂಕಿ ಹಚ್ಚಬೇಕು. ಹನ್ನೊಂದನೆಯದು, ಹೊಗೆಯ ಮುಂಚೆ ನೆಲದ ಮೇಲೆ ಒಂದು ಕಾಳೂ ಉಳಿಯದಂತೆ ಗುಡಿಸಬೇಕು.

ನಿನ್ನ ಚಪ್ಪಲಿ ಜನಗಣತಿ ಮುಗಿಯಿತು ಅಂದುಕೊ. ಬೇಕಿದ್ದರೆ ಕೆಂಪವ್ವನ ನೀಲಿ-ಕಂದು ಜೊತೆಗೆ ಒಂದು ಹಾರ ಹಾಕು.

ನಿನ್ನ
ಭಾಗ್ಯಾ

*

ಕೊಕಟನೂರ,
೧೦ ಮಾರ್ಚ್ ೨೦೨೪

ಭಾಗ್ಯಾಗೆ ಅಪ್ಪನ ಜೈಭೀಮ.

ತಪಾಸಣೆ ಆಯಿತು, ಪಾಸಾದೆವು. ರೋಹನ ಎಲ್ಲರಿಗೂ ಪೇಢೆ ಹಂಚಿದ. ಒಂದು ಘಟಕ ಮೂರಾಗುತ್ತದೆ, ಮುಂದಿನದು ರಾಯಬಾಗದಲ್ಲಿ, ಅದರ ಮುಂದಿನದು ಕಾಗವಾಡದಲ್ಲಿ ಎಂದು ಹೇಳಿದ. ನಿನ್ನ ಹೆಸರನ್ನು ಎಲ್ಲರ ಮುಂದೆ ತೆಗೆದ. ಹೆಂಗಸರು ತಿರುಗಿ ನಿನ್ನ ಅವ್ವನನ್ನು ನೋಡಿದರು. ಆಗ ಅವಳು ಸೆರಗು ಸರಿಮಾಡಿಕೊಂಡ ಠೀವಿ ನೀನು ನೋಡಬೇಕಿತ್ತು.

ಕಪಾಟು ಬಂದಿದೆ. ಕೆಂಪವ್ವನದು ಮೂವತ್ತೊಂದನೆಯ ನಂಬರು. ಬಿಳಿ ಚಪ್ಪಲಿ ಎಲ್ಲರವೂ ಒಂದೇ ಥರ, ಅವನ್ನು ಮೆಟ್ಟಿಯೇ ಒಳಗೂ ಹೋಗುತ್ತಾರೆ. ಹೊಸ್ತಿಲು ಈಗ ಬೋಳಾಗಿದೆ, ಎಣಿಸುವುದಕ್ಕೆ ಏನೂ ಇಲ್ಲ.

ಮೂರು ಸಲ ಕೂಗು ಎಂದು ಬರೆದಿದ್ದೀ, ಕೂಗುತ್ತೇನೆ. ನನ್ನ ಗಂಟಲಿಗೆ ಏನೂ ಆಗಿಲ್ಲ. ಉತ್ತರ ಬಂತೋ ಇಲ್ಲವೋ ಎಂಬುದಕ್ಕೆ ಕೆಂಪವ್ವನಿದ್ದಾಳೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದರೆ ಪಕ್ಕದವರು ತಲೆದೂಗಬೇಕಲ್ಲ. ನಾನು ಕೂಗುವಾಗ ಅವಳು ಆರಿಸುವ ಮೇಜಿನಿಂದ ಎದ್ದು ಬಾಗಿಲ ಪಕ್ಕದ ಕಂಬಕ್ಕೆ ಬಂದು ನಿಲ್ಲುತ್ತಾಳೆ. ಒಳಗಿನಿಂದ ಯಾರೂ ಓ ಅನ್ನದಿದ್ದರೆ ಬಲಗೈ ಎತ್ತುತ್ತಾಳೆ. ಆಮೇಲೆ ನಾನು ಅಗಳಿ ಹಾಕುತ್ತೇನೆ. ನೋಡಿದವರು ಅವಳು ಮೈ ಮುರಿಯುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮೊನ್ನೆ ಅವಳಿಗೆ ಹೇಳಿದೆ, ನಿನ್ನ ಕೈಗೂ ನನ್ನ ಪಗಾರದಲ್ಲಿ ಪಾಲು ಬೇಕು ಅಂತ. "ಪಾಲ ಬ್ಯಾಡೋ ಮಾರಾಯಾ, ಕಾಳ ಆರಿಸಿ ಆರಿಸಿ ಜೋಮ ಹಿಡದ ಕೈ ಇದು, ಎತ್ತಿದರ ಅದಕ್ಕೂ ಆರಾಮ" ಅಂದಳು.

ಇದನ್ನು ನಾನು ದೂರೆಂದು ಬರೆಯಲಿಲ್ಲ. ನಿನ್ನ ನಿಯಮ ನಿನ್ನ ಜಾಗದಲ್ಲಿ ಸರಿಯೇ ಇದೆ.

ಸುಗ್ಗಿ ಜೋರಾಗಿದೆ. ದಿನಕ್ಕೆ ಎರಡು ಸಲ ಖೋಲಿ ತುಂಬುತ್ತೇವೆ.

ನಿನ್ನ ಅಪ್ಪ,
ಸತ್ತೆಪ್ಪ

*

ನಾಶಿಕ,
೩ ಏಪ್ರಿಲ್ ೨೦೨೪

ಅಪ್ಪಾ,

ಅವ್ವ ಫೋನು ಮಾಡಿ ಅಳುತ್ತಾಳೆ, ಪೂರ್ತಿ ಹೇಳುವುದಿಲ್ಲ. ಕೆಂಪವ್ವ ಧುರಿ ಖೋಲಿಯಲ್ಲಿ ಸತ್ತಳು ಎಂಬುದೊಂದು ತಿಳಿಯಿತು. ಇಪ್ಪತ್ತೇಳನೆಯ ತಾರೀಖಿಗೆ ನಡೆದದ್ದು ನನಗೆ ಗೊತ್ತಾದದ್ದು ಮೂವತ್ತಕ್ಕೆ. ಬಸ್ಸು ಹತ್ತುತ್ತೇನೆ ಅಂದರೆ ಬೇಡ, ಅಪ್ಪ ಬೇಡ ಅಂದಿದ್ದಾನೆ ಅನ್ನುತ್ತಾಳೆ. ಯಾಕೆ ಬೇಡ?

ರೋಹನನಿಗೆ ಫೋನು ಮಾಡಿದೆ. "ನೀವೇನ ಕಾಳಜಿ ಮಾಡಬ್ಯಾಡ್ರಿ, ನಿಮ್ಮ ಹೆಸರ ಎಲ್ಲೂ ಬರೂದಿಲ್ಲ" ಅಂದ. ನನ್ನ ಹೆಸರಿನ ಮಾತನ್ನು ನಾನು ಎತ್ತಿರಲಿಲ್ಲ. ಇಲ್ಲಿಯ ನಮ್ಮ ಕಂಪನಿಯವರೂ ಕರೆದು, ಆ ಊರಿಗೆ ಈಗ ಹೋಗಬೇಡಿ, ಯಾರ ಜೊತೆಗೂ ಮಾತಾಡಬೇಡಿ ಎಂದು ಹೇಳಿದರು. ಎಲ್ಲರೂ ಇಷ್ಟು ಮೆತ್ತಗೆ ಮಾತಾಡುವುದು ಕೇಳಿ ನನಗೆ ಹೆದರಿಕೆಯಾಗಿದೆ.

ಏನಾಯಿತು ಅಂತ ನೀನು ಬರೆ. ನಿನ್ನ ಕೈಯಿಂದಲೇ ಬರೆ.

ಭಾಗ್ಯಾ

*

ಕೊಕಟನೂರ,
೧೯ ಏಪ್ರಿಲ್ ೨೦೨೪

ಚಿರಂಜೀವಿ ಭಾಗ್ಯಾಳಿಗೆ.

ನಡೆದ ಸಂಗತಿ ಇಷ್ಟು. ದಿನಾಂಕ ೨೭ರಂದು ಬೆಳಿಗ್ಗೆ ಹನ್ನೊಂದಕ್ಕೆ ನಿಯಮದ ಪ್ರಕಾರ ಮೂರು ಸಲ ಕೂಗಿ, ಉತ್ತರ ಬಾರದ ಕಾರಣ ಹೊಗೆ ಹಾಕಲಾಯಿತು. ಸದರಿ ಕೆಂಪವ್ವ ಯಾರಿಗೂ ಹೇಳದೆ ಬೇದಾಣಿ ಕದಿಯುವ ಸಲುವಾಗಿ ಒಳಗೆ ಹೋಗಿ, ಹಿಂದಿನ ತಟ್ಟೆಗಳ ಮರೆಯಲ್ಲಿ ಅಡಗಿದ್ದಳು. ಅವಳ ಉಡಿಯಲ್ಲಿ ಬೇದಾಣಿ ಸಿಕ್ಕಿತು. ಹೀಗೆ ಬರೆದ ಹಾಳೆಗೆ ನಾನು ಸಹಿ ಮಾಡಿದ್ದೇನೆ. ಸಮಾಧಾನನೂ ಮಾಡಿದ್ದಾನೆ.

ನಿನ್ನ ಹಾಳೆಗಳನ್ನು ಯಾರೂ ಕೇಳಿಲ್ಲ. ಕೇಳುವುದೂ ಇಲ್ಲ. ನೀನು ಬರಬೇಡ, ಇಲ್ಲಿ ಬಿಸಿಲು ಬಹಳ.

ಸತ್ತೆಪ್ಪ

*

ನಾಶಿಕ,
೬ ಮೇ ೨೦೨೪

ಅಪ್ಪಾ,

ನಿನ್ನ ಕಾಗದ ಹತ್ತು ಸಲ ಓದಿದೆ. ಅದರಲ್ಲಿ ನಿನ್ನ ಮಾತು ಒಂದೇ ಇದೆ, ಬಿಸಿಲು ಬಹಳ ಎಂಬುದು. ಉಳಿದದ್ದು ಯಾರದೋ ಮಾತು, ನಿನ್ನ ಅಕ್ಷರ. "ಸದರಿ ಕೆಂಪವ್ವ" ಎಂದು ನೀನು ಹೇಗೆ ಬರೆದೆ? ನನಗೆ ಜ್ವರ ಬಂದರೆ ಅವಳ ಮನೆಯಿಂದ ಮಜ್ಜಿಗೆ ಬರುತ್ತಿತ್ತು.

ಉತ್ತರ ಬಾರದ ಕಾರಣ ಅಂತ ಬರೆದಿದ್ದೀ. ಆ ಸಾಲಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಉತ್ತರ ಬರಲಿಲ್ಲ ಎಂದು ನಿನಗೆ ಹೇಗೆ ಗೊತ್ತಾಯಿತು ಅಪ್ಪಾ? ಆ ದಿನ ಕೈ ಎತ್ತಿದವರು ಯಾರು?

ನಿನಗೆ ಫೋನು ಕೇಳುವುದಿಲ್ಲ ಎಂದು ನಾನು ಆರು ವರ್ಷದಿಂದ ಪೋಸ್ಟಾಫೀಸಿಗೆ ನಡೆಯುತ್ತಿದ್ದೇನೆ. ಅದೇ ಕೈಯಿಂದ ಒಂಬತ್ತನೆಯ ನಿಯಮ ಬರೆದೆ. ಕೂಗಿ ಉತ್ತರ ಕೇಳಿಸಿಕೊಳ್ಳಬೇಕು ಎಂದು ಬರೆಯುವಾಗ ಆ ಬಾಗಿಲಲ್ಲಿ ನಿಲ್ಲುವವನು ಯಾರು ಎಂದು ನನಗೆ ಹೊಳೆಯಲೇ ಇಲ್ಲ. ಬೇರೆ ಘಟಕದ ಹಾಳೆ ತೆಗೆದು ಹೆಸರು ಬದಲಾಯಿಸಿದೆ, ಅಷ್ಟೇ. ನಿನ್ನ ಕಣ್ಣಿಗೆ ಆಸರೆಯಾಗಿದ್ದ ಚಪ್ಪಲಿಗಳನ್ನು ಹರಿದ ರಾಶಿ ಎಂದು ಗೇಟಿಗೆ ಕಳಿಸಿದೆ. ಮಾರ್ಚಿನಲ್ಲಿ ನೀನು ಎಲ್ಲವನ್ನೂ ಬರೆದಿದ್ದೆ. ಕೆಂಪವ್ವ ಕೈ ಎತ್ತುತ್ತಾಳೆ ಎಂದು ಓದಿ ನಾನು ನಕ್ಕೆ, ಫೈಲಿಗೆ ಹಾಕಿದೆ. ರೋಹನನಿಗೆ ಒಂದು ಮಾತು ಹೇಳಬೇಕು ಅಂದುಕೊಂಡೆ. ಸುಗ್ಗಿ, ಕೆಲಸ, ಮರೆತೆ. ಮರೆತೆ ಅನ್ನುವುದಕ್ಕೆ ನನಗೆ ನಾಚಿಕೆಯಾಗುತ್ತದೆ, ಆದರೆ ಬೇರೆ ಪದ ಇಲ್ಲ.

ಅವಳು ಕಳ್ಳಿಯಲ್ಲ. ನೆಲ ಗುಡಿಸು ಎಂದು ಹನ್ನೊಂದನೆಯ ನಿಯಮದಲ್ಲಿ ನಾನೇ ಬರೆದಿದ್ದೆ. ಅವಳು ಗುಡಿಸಲು ಹೋಗಿರಬೇಕು. ಹೌದೋ ಅಲ್ಲವೋ, ಇದೊಂದನ್ನು ಬರೆ.

ಭಾಗ್ಯಾ

*

ಕೊಕಟನೂರ,
೨೮ ಜೂನ್ ೨೦೨೪

ಭಾಗ್ಯಾಗೆ ನಿನ್ನ ಅವ್ವನ ಆಶೀರ್ವಾದ.

ನಾನು ನಾಲ್ಕನೆಯ ಇಯತ್ತೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದು. ಫೋನಿನಲ್ಲಿ ಹೇಳೋಣ ಅಂದರೆ ಅಳು ಬರುತ್ತದೆ, ಕಾಗದದ ಮೇಲೆ ಅತ್ತರೆ ಒರೆಸಿಕೊಂಡು ಬರೆಯಬಹುದು. ನಿನ್ನ ಕಾಗದವನ್ನು ಅಪ್ಪ ಓದಿದ. ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ, ಬರೆಯುವುದಿಲ್ಲ. ಉಣ್ಣಲು ಕೂತರೆ ಎರಡು ತುತ್ತಿಗೆ ಕೈ ತೊಳೆಯುತ್ತಾನೆ. ಅದಕ್ಕೆ ನಾನು ಬರೆಯುತ್ತೇನೆ.

ಆ ದಿನ ಗುಡಿಸುವ ಪಾಳಿ ಬೇರೆಯವಳದು, ಅವಳು ಬಂದಿರಲಿಲ್ಲ. ನೆಲದ ಮೇಲೆ ಕಾಳು ಬಿದ್ದದ್ದು ಕಂಡು ಕೆಂಪವ್ವ ತಾನೇ ಎದ್ದಳು. "ಭಾಗ್ಯಾ ಬರದಾಳ, ಒಂದ ಕಾಳ ಬಿಡಬಾರ್ದಂತ" ಎಂದು ನನಗೆ ಹೇಳಿಯೇ ಹೋದಳು. ನನ್ನ ಕೈಯಲ್ಲಿ ಕೆಲಸವಿತ್ತು, ಹ್ಞೂಂ ಅಂದೆ. ಹೊಸ್ತಿಲ ಹೊರಗೆ ಚಪ್ಪಲಿ ಇಲ್ಲ. ಅಪ್ಪ ಕೂಗಿದ. ಕಂಬದ ಹತ್ತಿರ ನೋಡಿದ, ಅವಳು ಇರಲಿಲ್ಲ. ಚಹಾಕ್ಕೆ ಹೋಗಿರಬೇಕು ಅಂದುಕೊಂಡ. ಲಾರಿ ಬಂದು ನಿಂತಿತ್ತು, ರೋಹನ ಗಡಿಬಿಡಿ ಮಾಡುತ್ತಿದ್ದ. ಅಗಳಿ ಹಾಕಿದ. ಅವಳು ಓ ಅಂದಿರಬೇಕು ಮಗಳೇ. ಬಾಗಿಲು ಬಡಿದಿರಬೇಕು. ಬ್ಲೋವರಿನ ಗದ್ದಲದಲ್ಲಿ ನಮಗಾರಿಗೂ ಕೇಳಲಿಲ್ಲ, ಎರಡು ಮಾರು ದೂರದಲ್ಲಿ ನಿಂತ ಅಪ್ಪನಿಗೂ ಕೇಳಲಿಲ್ಲ.

ಊಟದ ಹೊತ್ತಿಗೆ ಅವಳ ಬುತ್ತಿ ಬಿಚ್ಚದೇ ಇತ್ತು. ಮನೆಗೆ ಹೋದಳೇನೋ ಎಂದು ಗೇಟಿಗೆ ಹೋಗಿ ನೋಡಿದೆ. ಮೂವತ್ತೊಂದರಲ್ಲಿ ನೀಲಿ ಒಂದು, ಕಂದು ಒಂದು ಹಾಗೇ ಇದ್ದವು. ನಾನು ಅಲ್ಲಿಂದ ಓಡಿ ಬಂದು ಅಪ್ಪನ ಮುಖದ ಮುಂದೆ ನಿಂತು ಹೇಳಿದೆ. ಅವನೇ ಬಾಗಿಲು ತೆಗೆದ. ಅವಳು ಬಾಗಿಲಿಗೆ ಒರಗಿ ಕೂತಿದ್ದಳು, ಕೈಯಲ್ಲಿ ಕಸಬರಿಗೆ ಇತ್ತು. ಸೀರೆಗೆ ನಾಲ್ಕು ಕಾಳು ಅಂಟಿದ್ದವು, ನಮ್ಮೆಲ್ಲರ ಸೀರೆಗೂ ಅಂಟಿರುತ್ತವೆ. ರೋಹನ ಬಂದು ಕಸಬರಿಗೆಯನ್ನು ದೂರ ಒಗೆ ಅಂದ. ಅಪ್ಪ ಒಗೆಯಲಿಲ್ಲ. ಗೋಣಿಯಲ್ಲಿ ಸುತ್ತಿ ತಂದು ನಮ್ಮ ಅಟ್ಟದ ಮೇಲೆ ಇಟ್ಟಿದ್ದಾನೆ. ದಿನಾ ಅದರ ಕೆಳಗೇ ಕೂತು ಬೀಡಿ ಸೇದುತ್ತಾನೆ.

ಅವಳು ಗುಡಿಸಲು ಹೋಗಿದ್ದಳು ಅಂದರೆ ನಿಯಮ ಬರೆದವರು ಯಾರು ಎಂಬ ಮಾತು ಬರುತ್ತದೆ, ನಿನ್ನ ಮಗಳನ್ನೂ ಕಟಕಟೆಗೆ ನಿಲ್ಲಿಸುತ್ತಾರೆ ಎಂದು ರೋಹನ ಅಪ್ಪನಿಗೆ ಹೇಳಿದನಂತೆ. ಕಳ್ಳಿ ಅಂದರೆ ಎಲ್ಲರೂ ಉಳಿಯುತ್ತಾರೆ, ನೂರಾ ನಲವತ್ತು ಹೆಂಗಸರ ಕೆಲಸವೂ ಉಳಿಯುತ್ತದೆ ಅಂದನಂತೆ. ಅಪ್ಪ ನಿನ್ನ ಸಲುವಾಗಿ ಸಹಿ ಮಾಡಿದ.

ಮೊನ್ನೆ ಅವಳ ಮಗ ಮಲಕಾರಿ ನಮ್ಮ ಬಾಗಿಲಿಗೆ ಬಂದಿದ್ದ. ಜಗಳಕ್ಕೆ ಬಂದಿರಲಿಲ್ಲ. "ಕಾಕಾ, ನಮ್ಮವ್ವ ಖರೇನ ಕಳವ ಮಾಡ್ತಿದ್ಲೇನು? ನಮ್ಮ ಹುಡಗಿಗೆ ಸಾಲ್ಯಾಗ ಕಳ್ಳಿ ಮೊಮ್ಮಗಳಂತ ಅಂತಾರು" ಎಂದು ಕೇಳಿದ. ಅಪ್ಪ ಅವನ ತುಟಿಯನ್ನೇ ನೋಡುತ್ತ ಕೂತ. ಎಲ್ಲ ತಿಳಿಯಿತು, ಆದರೆ ಕೇಳಿಸಲಿಲ್ಲ ಅನ್ನುವ ಹಾಗೆ ಎದ್ದು ಒಳಗೆ ಹೋದ. ಇಷ್ಟು ವರ್ಷ ಕೇಳಿಸಿದ ಹಾಗೆ ನಟಿಸಿದವನು ಅಂದು ಕಿವುಡನ ಹಾಗೆ ನಟಿಸಿದ.

ನಾನು ಏನು ಮಾಡು ಅಂತ ಹೇಳುವುದಿಲ್ಲ. ಗೊತ್ತಿರಲಿ ಅಂತ ಬರೆದೆ.

ನಿನ್ನ ಅವ್ವ,
ಶೇವಂತಾ

*

ನಾಶಿಕ,
೧೫ ಜುಲೈ ೨೦೨೪

ಅಪ್ಪಾ, ಜೈಭೀಮ.

ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕಾರ್ಖಾನೆಗಳ ತಪಾಸಣೆಯ ಸಾಹೇಬರಿಗೆ ಹಾಳೆಗಳ ಪ್ರತಿ ಇಟ್ಟು ಕಾಗದ ಬರೆದೆ. ಈ ನಿಯಮ ಬರೆದವಳು ನಾನು, ಹೊಗೆ ಹಾಕುವವನಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಿದ್ದೂ ಬರೆದೆ, ಮೊದಲಿದ್ದ ಚಪ್ಪಲಿ ಎಣಿಕೆಯೇ ಅವನಿಗೆ ಸರಿಯಾದ ದಾರಿಯಾಗಿತ್ತು, ಅದನ್ನು ತೆಗೆಸಿದವಳೂ ನಾನೇ ಎಂದು ಬರೆದಿದ್ದೇನೆ. ಕೆಲಸಕ್ಕೂ ರಾಜೀನಾಮೆ ಕೊಟ್ಟೆ. ಕೊಡದಿದ್ದರೆ ಅವರೇ ತೆಗೆಯುತ್ತಿದ್ದರು.

ನಿನ್ನ ಕಿವಿಯ ಸಂಗತಿಯನ್ನು ಬಾಯಿ ಬಿಡಬೇಡ ಅಂದಿದ್ದೆ. ಬಿಟ್ಟೆ. ಇದರಿಂದ ನಿನಗೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಮಾಡಿದೆ ಎಂದು ನಿನಗೆ ತಿಳಿದಿರಲಿ. ನನ್ನನ್ನು ಉಳಿಸುವುದಕ್ಕೆ ನೀನು ಕೆಂಪವ್ವನನ್ನು ಕೊಟ್ಟೆ. ಆ ಉಳಿವು ನನಗೆ ಬೇಡ.

ಅವರು ನಿನ್ನನ್ನು ಕರೆಯುತ್ತಾರೆ. ಅಟ್ಟದ ಮೇಲಿನದನ್ನು ತೆಗೆದುಕೊಂಡು ಹೋಗು.

ಸಿಟ್ಟು ಬಂದರೆ ಸಿಟ್ಟಿನಲ್ಲೇ ಬರೆ. ಬರೆಯದೆ ಇರಬೇಡ.

ಭಾಗ್ಯಾ

*

ಕೊಕಟನೂರ,
೬ ಅಕ್ಟೋಬರ್ ೨೦೨೪

ಮಗಳು ಭಾಗ್ಯಾಗೆ ಅಪ್ಪನ ಜೈಭೀಮ.

ಸಿಟ್ಟು ಬಂದಿತ್ತು. ಅದಕ್ಕೇ ತಡವಾಯಿತು. ಈಗ ಇಳಿದಿದೆ.

ಆಗಸ್ಟಿನ ಹನ್ನೆರಡಕ್ಕೆ ಸಾಹೇಬರು ಬಂದರು. ಅದೇ ಆಫೀಸು, ಅದೇ ಕುರ್ಚಿ. ರೋಹನ, ಧರೆಪ್ಪ ಸಾವಕಾರರು ಇಬ್ಬರೂ ಇದ್ದರು. ಸಾಹೇಬರು ಎದುರಿಗೆ ಕೂತು ಕೇಳಿದ್ದಕ್ಕೆಲ್ಲ ನಾನು ತುಟಿ ನೋಡಿ ಉತ್ತರ ಕೊಟ್ಟೆ. "ನೋಡ್ರಿ, ಎಲ್ಲಾ ಕೇಳತೈತಿ ಅವಂಗ" ಎಂದು ರೋಹನ ನಕ್ಕ. ಆಮೇಲೆ ಸಾಹೇಬರು ಎದ್ದರು, ನೀರು ಕುಡಿಯಲು ಹೋದರು ಅಂದುಕೊಂಡೆ. ನಾನು ಅವರ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತಿದ್ದೆ. ಬಹಳ ಹೊತ್ತಾದರೂ ಬರಲಿಲ್ಲ. ರೋಹನನ ಮುಖ ಬಿಳುಚಿತ್ತು. ತಿರುಗಿ ನೋಡಿದರೆ ಸಾಹೇಬರು ನನ್ನ ಬೆನ್ನಿಗೆ ಒಂದು ಮೊಳದಲ್ಲಿ ನಿಂತಿದ್ದಾರೆ. ಅಲ್ಲಿಂದ ಮೂರು ಸಲ ನನ್ನ ಹೆಸರು ಹಿಡಿದು ಕೂಗಿದ್ದರಂತೆ.

ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಗೋಣಿ ಬಿಚ್ಚಿ ಕಸಬರಿಗೆಯನ್ನು ಮೇಜಿನ ಮೇಲೆ ಇಟ್ಟೆ. ಕಳ್ಳತನಕ್ಕೆ ಹೋಗುವವರು ಕಸಬರಿಗೆ ಒಯ್ಯುವುದಿಲ್ಲ ಅಂದೆ. ನನ್ನ ಧ್ವನಿ ಗಟ್ಟಿಯಾಗಿತ್ತೋ ಸಣ್ಣದಿತ್ತೋ ನನಗೆ ತಿಳಿಯಲಿಲ್ಲ, ಆದರೆ ಹೊರಗೆ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತಿದ್ದವು.

ಗೇಟಿನಲ್ಲಿ ಧರೆಪ್ಪ ಸಾವಕಾರರು ತಡೆದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. "ಉಂಡ ಮನಿ ಗಳಾ ಎಣಸಬಾರ್ದಿತ್ತು ಸತ್ತೆಪ್ಪ" ಅಂದರು. ಗಳ ಎಣಿಸಲಿಲ್ಲ ಸಾವಕಾರರೇ, ಚಪ್ಪಲಿ ಎಣಿಸುತ್ತಿದ್ದೆ, ಅದನ್ನು ಬಿಟ್ಟದ್ದೇ ತಪ್ಪಾಯಿತು ಅಂದೆ. ಅವರು ಏನೋ ಅಂದರು, ಆದರೆ ಮುಖ ತಿರುಗಿಸಿಕೊಂಡು ಅಂದರು.

ಘಟಕಕ್ಕೆ ಬೀಗ ಬಿತ್ತು. ನನ್ನ ಮೇಲೆ, ರೋಹನನ ಮೇಲೆ ಕೇಸಾಗಿದೆ, ಅಥಣಿಯ ಕೋರ್ಟಿಗೆ ತಾರೀಖಿನ ಮೇಲೆ ತಾರೀಖು ನಡೆದಿದೆ. ನಿನ್ನನ್ನೂ ಸಾಕ್ಷಿಗೆ ಕರೆಯುತ್ತಾರೆ. ಆರು ವಾರ ನೂರಾ ನಲವತ್ತು ಹೆಂಗಸರು ಮನೆಯಲ್ಲಿ ಕೂತರು, ಕೆಲವರು ಉಗಾರದ ಕಡೆಗೆ ಕಬ್ಬಿನ ಹೊಲಕ್ಕೆ ಹೋದರು. ನಳದ ಹತ್ತಿರ ಅವ್ವನ ಕೊಡ ಕಂಡರೆ ಪಕ್ಕಕ್ಕೆ ಸರಿಸುತ್ತಾರೆ. ಸತ್ತವಳ ಹೆಸರಿಗೆ ಇದ್ದವರ ಅನ್ನ ಕಳೆದರು ಅನ್ನುತ್ತಾರಂತೆ. ಅವರದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ಹೋದ ತಿಂಗಳು ಬೀಗ ತೆಗೆದರು. ಹೊಸ ಹಾಳೆಗಳು ಬಂದಿವೆ, ಕೆಳಗೆ ಬೇರೆ ಯಾರದೋ ಹೆಸರಿದೆ. ಧುರಿ ಖೋಲಿಗೆ ಗಂಟೆ, ಕೆಂಪು ದೀಪ ಹಾಕಿದ್ದಾರೆ. ಒಳಗಿನಿಂದಲೂ ಬಾಗಿಲು ತೆಗೆಯುವ ಹಿಡಿಕೆ ಇಟ್ಟಿದ್ದಾರೆ. ಅಷ್ಟು ಸಣ್ಣ ಹಿಡಿಕೆ ಅದು. ಇಪ್ಪತ್ತೆರಡು ವರ್ಷ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಕಡ್ಡಿ ಕೊರೆಯುವವನು ಈಗ ಸಮಾಧಾನ. ಅವ್ವನನ್ನು ಕೆಲಸಕ್ಕೆ ಕರೆದಿಲ್ಲ, ಕರೆಯುವುದಿಲ್ಲ. ಡಬ್ಬಿಗಳು ದುಬೈಗೆ ಹೊರಟಿವೆ. ರಾಯಬಾಗದ ಘಟಕಕ್ಕೆ ಅಡಿಗಲ್ಲು ಇಟ್ಟರಂತೆ. ನೀನು ಹೇಳಿದ ಗೆರೆ ಮೇಲಕ್ಕೇ ಹೋಗುತ್ತಿದೆ ಮಗಳೇ. ನಾವು ಸರಿದು ದಾರಿ ಬಿಟ್ಟೆವು.

ಲೆಕ್ಕ ಚುಕ್ತಾ ಮಾಡಿಕೊಂಡು ಬರುವ ದಿನ ಸಮಾಧಾನ ಗೇಟಿನ ಕಪಾಟಿನಿಂದ ಮೂವತ್ತೊಂದನೆಯ ಜೊತೆ ತೆಗೆದು ನನ್ನ ಕೈಗೆ ಕೊಟ್ಟ. ಇಷ್ಟು ದಿನ ಯಾರೂ ಮುಟ್ಟಿರಲಿಲ್ಲ. ನೀಲಿಗೂ ಕಂದಿಗೂ ಒಂದೇ ಬಣ್ಣದ ಧೂಳು ಕೂತಿತ್ತು. ಮನೆಗೆ ತಂದು ತೊಳೆದೆ.

ನಿನ್ನೆ ಮಲಕಾರಿಯ ಮನೆಗೆ ಒಯ್ದೆ. ಅವನಿಗೆ ನಡೆದದ್ದೆಲ್ಲ ಗೊತ್ತಾಗಿದೆ. ಅವ್ವ ಕಳ್ಳಿಯಲ್ಲ ಎಂಬುದೂ ಗೊತ್ತು, ಅಗಳಿ ಹಾಕಿದ ಕೈ ಯಾರದು ಎಂಬುದೂ ಗೊತ್ತು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲಿತ್ತು. ಹೊಸ್ತಿಲ ಹೊರಗೆ ಮೂರು ಜೊತೆ ಇದ್ದವು, ಅವನದು, ಹೆಂಡತಿಯದು, ಹುಡುಗಿಯದು. ಅಂದರೆ ಮೂವರೂ ಒಳಗಿದ್ದಾರೆ. ಕೆಂಪವ್ವನದನ್ನು ಅವುಗಳ ಸಾಲಿಗೆ ಇಟ್ಟೆ. ನನ್ನವನ್ನೂ ಬಿಚ್ಚಿ ಒಂದು ಮಾರು ದೂರದಲ್ಲಿ ಬಿಟ್ಟು, ಬರಿಗಾಲಲ್ಲಿ ನಿಂತು ಕೂಗಿದೆ. ಮಲಕಾರಿ, ನಾನು ಸತ್ತೆಪ್ಪ, ಒಳಗೆ ಬರಲೇನಪ್ಪಾ ಅಂದೆ. ಮೂರು ಸಲ ಕೂಗಿದೆ.

ಅವರು ಬಾ ಅಂದರೋ, ಹೋಗು ಅಂದರೋ, ಏನೂ ಅನ್ನಲಿಲ್ಲವೋ, ನನಗೆ ಕೇಳಲಿಲ್ಲ. ಬಿಸಿಲು ಇಳಿಯುವ ತನಕ ಹೊರಗೇ ನಿಂತಿದ್ದು ಬಂದೆ.

ನೀನು ಯಾವಾಗ ಬರುತ್ತೀ? ಬಂದಾಗ ನನ್ನ ಜೊತೆ ಅಲ್ಲಿಗೆ ಬಾ. ಪಕ್ಕದಲ್ಲಿ ನಿಂತು, ಒಳಗಿನಿಂದ ಏನಂದರು ಎಂದು ಹೇಳು.

ನಿನ್ನ ಅಪ್ಪ,
ಸತ್ತೆಪ್ಪ